ಖಾಜಾಬಿಯ ಗಂಡ

"ಆ ಮನುಷ್ಯ ಮಧುಗಿರಿಗೂ ಬಂದ್ಬುಟ್ಟವ್ನೆ ಕಣಮ್ಮ," ಎಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮಹಾಲಿಂಗಯ್ಯ. "ಬಸ್‌ಸ್ಟ್ಯಾಂಡಲ್ಲಿ ನಮ್ಮ ಏಜೆಂಟನ್ನ ಹಿಡ್ಕೊಂಡು, ಪತ್ರಿಕೆ ಖಾಜಾಬಿ ಮನೆ ಎಲ್ಲಿ ಅಂದ್ನಂತೆ."

ಖಾಜಾಬಿ ಕರಡು ತಿದ್ದುತ್ತಿದ್ದ ಪೆನ್ಸಿಲನ್ನು ಕೆಳಗಿಟ್ಟಳು. ಸೋಮವಾರ ಪಾವಗಡ. ಬುಧವಾರ ಮಧುಗಿರಿ. ಇನ್ನು ಉಳಿದದ್ದು ಅವಳಿದ್ದ ಶಿರಾ.

"ಹೆಸರು ಹೇಳಿದ್ನಾ?"

"ನಸ್ರುಲ್ಲಾ ಅಂತೆ. ನಿಮ್ಮ ಯಜಮಾನರಂತೆ!" ಮಹಾಲಿಂಗಯ್ಯನ ಮುಖ ಅರಳಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು.

ಹದಿನೈದು ವರ್ಷದ ಕೆಳಗೆ, ನಲವತ್ತೆರಡರಲ್ಲಿ, ಬರ್ಮಾದ ಕಾಡು ನಡೆದು ದಾಟಿ ಬಂದು ನಸ್ರುಲ್ಲಾನ ತಾಯಿ ಅಮೀರ್ ಬಿಯ ಬಾಗಿಲಲ್ಲಿ ಬಿದ್ದವಳು ಅವಳು. ಮದುವೆ ರಂಗೂನಿನಲ್ಲೇ ಆಗಿತ್ತು; ಅತ್ತೆ ಸೊಸೆಯ ಮುಖ ನೋಡಿರಲಿಲ್ಲ. "ನಾನು ನಿಮ್ಮ ಖಾಜಾಬಿ. ಅವರು ಬಾಂಬಿಗೆ ಸಿಕ್ಕಿ ಹೋದರು," ಎಂದಿದ್ದಳು. ಅಮೀರ್ ಬಿ ಬಹಳ ಹೊತ್ತು ಅವಳನ್ನೇ ನೋಡಿ, ಒಳಗೆ ಕರೆದುಕೊಂಡಿದ್ದಳು. ಆಗ ಅತ್ತೆಯ ಕಣ್ಣಿಗಿನ್ನೂ ಪೊರೆ ಬಂದಿರಲಿಲ್ಲ.

ಆಮೇಲೆ ಖಾಜಾಬಿ ಮಧುಗಿರಿಯ ಅಚ್ಚುಕೂಟದಲ್ಲಿ ಕೆಲಸ ಕಲಿತಳು. ಕಾಲಲ್ಲಿ ತುಳಿಯುವ ಹಳೆಯ ಯಂತ್ರವೊಂದನ್ನು ಎತ್ತಿನ ಗಾಡಿಯಲ್ಲಿ ತಂದು ಅತ್ತೆಯ ಮನೆಯ ಮುಂಭಾಗದಲ್ಲೇ ನಿಲ್ಲಿಸಿದಳು. ಈಗ ಅವಳ ವಾರಪತ್ರಿಕೆಯನ್ನು ನಾಲ್ಕು ತಾಲೂಕು ಕಾದು ಓದುತ್ತಿತ್ತು. ಕೆರೆ ಏರಿ ಒಡೆದರೂ, ಮೇಷ್ಟ್ರು ಶಾಲೆಗೆ ಬಾರದಿದ್ದರೂ ಜನ ಮೊದಲು ಬರೆಯುತ್ತಿದ್ದದ್ದು ಅವಳಿಗೆ. ಕಳೆದ ತಿಂಗಳು ತುಮಕೂರಿನ ಪತ್ರಿಕೆಯೊಂದು ಅವಳ ಬದುಕಿನ ಕಥೆಯನ್ನು ಪುಟ ತುಂಬ ಅಚ್ಚು ಹಾಕಿತ್ತು. ಫೋಟೋ ಮಾತ್ರ ಬೇಡವೆಂದು ಅವಳು ಹಟ ಹಿಡಿದಿದ್ದಳು.

ಗುರುವಾರ ಮಧ್ಯಾಹ್ನ ಅವನು ಬಂದ. ಬೀದಿಯೆಲ್ಲ ಹಿಂದೆ ಸೇರಿತ್ತು. ಖಾಜಾಬಿ ಗೋಡೆಗೊರಗಿ, ಏಟಿಗೆ ಕಾದವಳಂತೆ ಕಣ್ಣು ಮುಚ್ಚಿಕೊಂಡಳು.

"ಖಾಜಾಬಿ! ಒಂಚೂರೂ ಬದಲಾಗಿಲ್ವಲ್ಲ ನೀನು!"

ಅವಳು ಥಟ್ಟನೆ ಕಣ್ಣು ತೆರೆದಳು. ಅವನು ನಗುತ್ತಿದ್ದ. ಆ ನಗೆಯ ಅರ್ಥ ಅವಳಿಗೆ ತಿಳಿಯಲಿಲ್ಲ.

ಬಾಂಬು, ಉರಿಯುವ ಹಡಗುಕಟ್ಟೆ, ಕಾಡಿನ ದಾರಿ. ಅವನು ಎಲ್ಲ ಹೇಳಿದ. ತುಮಕೂರಿನ ಪತ್ರಿಕೆ ಬರೆದಂತೆಯೇ ಹೇಳಿದ. ಆಮೇಲೆ ಅವಳ ಕುರ್ಚಿಯಲ್ಲಿ ಕೂತ. "ಗಂಡ ಬಂದ್ಮೇಲೆ ನಿಂಗ್ಯಾಕೆ ಈ ಕಷ್ಟ? ಪ್ರೆಸ್ಸು ನಾನು ನೋಡ್ಕೋತೀನಿ. ಬೀಗದ ಕೈ ಕೊಡು."

"ಇವರೇನಾ, ಹೇಳಮ್ಮ," ಎಂದರು ಮಸೀದಿಯ ಹಿರಿಯ ಕರೀಮ್ ಸಾಬ್.

ಅಲ್ಲ ಎನ್ನಬಹುದಿತ್ತು. ಅಲ್ಲ ಎಂದರೆ ಅವನು ಏನು ಬಾಯಿಬಿಡುತ್ತಾನೋ! ಅವಳ ಕೈ ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯತ್ತ ಹೋಯಿತು.

ಅಷ್ಟರಲ್ಲಿ ಅಮೀರ್ ಬಿ ಗೋಡೆ ತಡವುತ್ತ ಹೊರಗೆ ಬಂದಳು. "ಬೇಟಾ, ಚಿಕ್ಕವನಿದ್ದಾಗ ಕೋಟೆ ಕಂದಕಕ್ಕೆ ಬಿದ್ದು ಕಾಲು ಮುರ್ಕೊಂಡಿದ್ಯಲ್ಲ, ಈಗ್ಲೂ ನೋಯ್ತದಾ?"

"ಚಳಿಗಾಲದಾಗೆ ನೋಯ್ತದೆ ಅಮ್ಮಿ."

"ನನ್ನ ಮಗ ಕಂದಕಕ್ಕೆ ಬಿದ್ದೇ ಇರ್ಲಿಲ್ಲ," ಎಂದಳು ಅಮೀರ್ ಬಿ. "ಕರೀಮ್ ಸಾಬ್, ಈ ಕಳ್ಳನ್ನ ಆಚೆಗೆ ಕಳಿಸಿ."

ಬೀದಿಯವರು ಅವನನ್ನು ಬಸ್‌ ನಿಲ್ದಾಣದವರೆಗೂ ದಬ್ಬಿಕೊಂಡು ಹೋದರು. ಗಲಾಟೆ ದೂರವಾಯಿತು. ಖಾಜಾಬಿ ಅತ್ತೆಯ ಕಾಲ ಬಳಿ ಕುಸಿದು ಕೂತಳು.

"ಕಣ್ಣು ಕಾಣ್ದೇ ಇದ್ರೂ ಮಗ ಅಲ್ಲ ಅಂತ ಮೊದ್ಲೇ ಹೆಂಗೆ ಗೊತ್ತಾಯ್ತು ಅಮ್ಮಿ?"

ಅಮೀರ್ ಬಿ ಅವಳ ತಲೆ ಸವರಿದಳು. "ಮಗ, ಸೊಸೆ ಇಬ್ರನ್ನೂ ರಂಗೂನಲ್ಲೇ ಮಣ್ಣು ಮಾಡಿದ್ವಿ ಅಂತ ಕಾಗದ, ನೀನು ಬರೋಕೆ ಮುಂಚೇನೇ ಬಂದಿತ್ತು ಬೇಟಿ. ಈಗ್ಲಾದ್ರೂ ಹೇಳು, ನಿನ್ನ ಹೆಸರೇನು?"