ಪೂಜೆಗೆ ಕೂತ ಪುಸ್ತಕ

"ಯಾರೇ ಇದನ್ನ ಪೂಜೆಗಿಟ್ಟಿದ್ದು?" ಎಂದು ಸುಂದರೇಶ ಗುಡುಗಿದ. ದಸರಾ ಗೊಂಬೆಗಳ ಮುಂದೆ ಸರಸ್ವತಿ ಪೂಜೆಗೆಂದು ಪೇರಿಸಿದ್ದ ಪುಸ್ತಕಗಳ ಮೇಲೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಅವನ ದಪ್ಪ ಪುಸ್ತಕ ಕೂತಿತ್ತು. ಮಕ್ಕಳನ್ನು ಬೆಳೆಸುವುದು ಹೇಗೆಂದು ತಿಳಿಯಲು ಅಂಚೆಯಲ್ಲಿ ವಿ.ಪಿ.ಪಿ. ಮಾಡಿ ತರಿಸಿಕೊಂಡದ್ದು. ಹಟಮಾರಿ ಮಕ್ಕಳ ಅಧ್ಯಾಯ ಇನ್ನೂ ಅರ್ಧ ಉಳಿದಿತ್ತು. ಪೂಜೆಗಿಟ್ಟ ಮೇಲೆ ಜಂಬೂ ಸವಾರಿಯ ದಿನದವರೆಗೂ ಅದನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ.

"ನಿನ್ನ ಲೆಕ್ಕದ ಪುಸ್ತಕ ಇಡೋದು ಬಿಟ್ಟು ಇದನ್ಯಾಕೆ ಇಟ್ಟೆ?" ಮೂರನೇ ಕ್ಲಾಸಿನ ಮಗಳು ಮಾಲವಿಕಾ ಪುಸ್ತಕದ ಮೇಲೆ ಇನ್ನೊಂದು ಹೂ ಇಟ್ಟಳು. ಅವನಿಗೆ ಮೈಯೆಲ್ಲ ಉರಿಯಿತು. ಇಂಥ ಹೊತ್ತಿನಲ್ಲಿ ಅಪ್ಪನಾದವನು ಏನು ಮಾಡಬೇಕೆಂಬುದೂ ಆ ಹಾಳು ಪುಸ್ತಕದಲ್ಲೇ ಇತ್ತು. ರೂಢಿಯಂತೆ ಅದರತ್ತ ಚಾಚಿದ ಕೈ ಕುಂಕುಮ ಕಂಡು ನಿಂತಿತು.

"ನಿನ್ನೆ ನಾನು ಪಟ್ಟದ ಗೊಂಬೆ ಕೈ ಮುರಿದಾಗ ನೀನು ಬೈಲೇ ಇಲ್ಲ," ಎಂದಳು ಮಾಲವಿಕಾ. "'ಇರು, ನೋಡ್ಕೊಂಡು ಬರ್ತೀನಿ' ಅಂತ ಪುಸ್ತಕ ಎತ್ಕೊಂಡು ರೂಮಿಗೆ ಹೋಗ್ಬುಟ್ಟೆ. ನಾನು ಅಲ್ಲೇ ಕಾಯ್ತಾ ನಿಂತಿದ್ದೆ." ಅವಳು ಅಪ್ಪನ ಎದುರಿಗೆ ಬಂದು ನಿಂತಳು. "ಈ ಮೂರು ದಿನ ಬೈಯೋದಾದ್ರೆ ನೀನೇ ಬೈಯಪ್ಪ."