ಪೂಜೆ ಮುಗಿಯುವ ತನಕ

"ನಿನ್ನ ಪೂಜಾ ಮುಗಿಯೋತನಕ ನಿನ್ನ ಕಾಯಿ ಯಾರೂ ಮುಟ್ಟಂಗಿಲ್ಲ, ಆಯಿ." ಶುಭಾಂಗಿ ಅಜ್ಜಿಗೆ ಹೀಗೆ ಮಾತು ಕೊಟ್ಟದ್ದು ಭೂಕಂಪದಲ್ಲಿ ಮನೆ ಬಿದ್ದ ಮರುವರ್ಷ, ತಗಡಿನ ಶೆಡ್ಡಿನಲ್ಲಿ. ಆಗ ಅವಳಿಗೆ ಏಳು ವರ್ಷ. ಅಜ್ಜಿ ಶಿವಗಂಗಾಬಾಯಿ ಚೌಕಾಬಾರದ ಆಟ ಅರ್ಧಕ್ಕೆ ಬಿಟ್ಟು ಲಿಂಗಪೂಜೆಗೆ ಏಳುತ್ತಿದ್ದಳು. ಆಟದ ಮನೆಗಳ ಮೇಲೆ ಒಂದು ಮೊರ, ಅವರ ಮಾತಿನಲ್ಲಿ ‘ಮರ’, ಬೋರಲು ಹಾಕಿದರೆ ಅರ್ಧ ತಾಸು ಆಟ ಅಲ್ಲೇ ನಿಲ್ಲುತ್ತಿತ್ತು.

ಮೂವತ್ತು ವರ್ಷದ ಮೇಲೆ ಶುಭಾಂಗಿ ಅದೇ ಆಟವನ್ನು ಮೊಬೈಲಿಗೆ ಮಾಡಿದಳು. ಅದರಲ್ಲೂ ಒಂದು ಮೊರ ಇಟ್ಟಿದ್ದಳು; ಒತ್ತಿದರೆ ಆಟ ಎಷ್ಟು ಹೊತ್ತಾದರೂ ಕಾಯುತ್ತಿತ್ತು. ಪುಣೆಯ ಕಂಪನಿಯೊಂದು ಆಟವನ್ನು ಕೊಂಡು ಅವಳನ್ನೂ ಮನೆಯಿಂದಲೇ ಮಾಡುವ ಕೆಲಸಕ್ಕೆ ಇಟ್ಟುಕೊಂಡಿತು. ಮೊದಲ ತಿಂಗಳೇ ಮೊರ ತೆಗೆಸಿತು. ಹತ್ತು ನಿಮಿಷ ಆಡದಿದ್ದರೆ ಕಾಯಿ ಮೊದಲ ಮನೆಗೆ ವಾಪಸ್ಸು. ಹೊಸ ನಿಯಮ ಬರೆದವಳೂ ಶುಭಾಂಗಿಯೇ.

ಸೋಮವಾರ ಬೆಳಿಗ್ಗೆ ಉಮರ್ಗಾದ ಮನೆಯಲ್ಲಿ ಅಜ್ಜಿ ಪೂಜೆಯಿಂದ ಎದ್ದು ಬಂದು ಮೊಬೈಲು ಎತ್ತಿಕೊಂಡಳು. ಪೂಜೆಗೆ ಏಳುವಾಗ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು.

"ಶುಭಾ, ನನ್ನ ಕಾಯಿ ಯಾರ ಮುಟ್ಯಾರ?"

"ಯಾರೂ ಇಲ್ಲ ಆಯಿ. ಟೈಮ್ ಮುಗೀತು, ತಾನೇ ಹಿಂದ ಹೋಗ್ಯದ."

"ಅದಕ್ಕೇನು ಕಾಲು ಅವ? ಮರ ಎಲ್ಲದ?"

"ತಗದೀವಿ."

"ಯಾಕ, ಇಲಿ ಕಡೀತೇನು?"

"ಒಂಬತ್ತು ರೂಪಾಯಿ ಕೊಟ್ರ ಕಾಯಿ ನಿಂದರ್ತದ, ಆಯಿ."

"ನನ್ನ ಪೂಜಾಕ್ಕ ನಾ ಯಾರಿಗೆ ರೊಕ್ಕಾ ಕೊಡ್ಲಿ?"

ಶುಭಾಂಗಿ ಪುಣೆಗೆ ಫೋನು ಹಚ್ಚಿದಳು. ಮ್ಯಾನೇಜರ್ ದಿಗಂಬರ ನಿಲಂಗಾದವನು, ಕನ್ನಡ ಬರುತ್ತಿತ್ತು.

"ಸರ್, ಮರ ವಾಪಸ್ ಹಾಕೂಣ್ರೀ. ವಯಸ್ಸಾದವರು ಪೂಜಾಕ್ಕ ಏಳ್ತಾರ."

"ಅರೇ ಮ್ಯಾಡಮ್, ಏಳವರೇ ರೊಕ್ಕಾ ಕೊಡವರು. ಕುಂತವರು ಏನ್ ಕೊಡ್ತಾರ್ರೀ? ಮುಂಜಾನಿ ಪೂಜಾ ಟೈಮಿಗೇ ಕಲೆಕ್ಷನ್ ಜಾಸ್ತಿ ಅದ." ಹಾಗೆಯೇ ಕೇಳಿದ, "ನಿಮ್ಮ ಆಯಿ ಆರಾಮ ಹಾರೇನು?"

"ಆರಾಮ ಹಾರ್ರೀ."

"ಛಲೋ ಆಯ್ತು. ಹತ್ತು ಇದ್ದದ್ದು ಎಂಟು ಮಿನಿಟ್ ಮಾಡ್ರಿ."

ಅವಳು ಎಂಟು ಮಾಡಿದಳು. ಅಜ್ಜಿಗೂ ಹೇಳಿದಳು. ಅಜ್ಜಿ ಗೋಡೆಯ ಗಡಿಯಾರ ನೋಡಿದಳು.

ಮರುದಿನ ಅಜ್ಜಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು. ಮೊಬೈಲು ಎದುರಿಗೇ ಇತ್ತು, ಬಿಲ್ವಪತ್ರೆಯ ತಟ್ಟೆಗೆ ಆನಿಸಿ. ಏಳನೆಯ ನಿಮಿಷಕ್ಕೇ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿ ಎದ್ದಳು.

ಪೂಜೆ ಮುಗಿಯುವ ತನಕ ಅವಳ ಕಾಯಿಯನ್ನು ಯಾರೂ ಮುಟ್ಟಲಿಲ್ಲ.