ಮೂರು ಜೊತೆ ಬೂಟು

ವಲಸೆ ಬಂದವರಲ್ಲಿ ಮಾಲ್ಟಾದವರು ಹೆಚ್ಚು ಅನುಕೂಲಸ್ಥರೋ ಫಿಲಿಪೀನ್ಸಿನವರೋ ಎಂದು ತಿಳಿಯಲು ಸಮೀಕ್ಷೆಯ ಹುಡುಗಿ ಮೆಲ್ಬರ್ನಿನ ಆ ಮನೆಗೆ ಬಂದಿದ್ದಳು. ಮಾಲ್ಟಾದ ಮುದುಕ ಕಾರ್ಮೆನುವಿನ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಫಿಲಿಪೀನ್ಸಿನವ್ರೇ ಕಣಮ್ಮ, ಬರ್ಕೋ! ನಾವು ಹಡಗಿಂದ ಇಳಿದಾಗ ನನ್ನ ಮೂರು ಮಕ್ಕಳಿಗೂ ಸೇರಿ ಒಂದೇ ಜೊತೆ ಬೂಟು. ಒಬ್ಬ ಹಾಕ್ಕೊಂಡ್ರೆ ಉಳಿದಿಬ್ರು ಬರಿಗಾಲು. ಇವಳನ್ನ ನೋಡು!"

ಅವನನ್ನು ನೋಡಿಕೊಳ್ಳಲು ಇದ್ದ ಫಿಲಿಪೀನ್ಸಿನ ಲಿಗಾಯ, ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದಳು. ವರ್ಷಗಳಿಂದ ಆ ಪೆಟ್ಟಿಗೆ ನೋಡಿ ಮುದುಕನಿಗೆ ಹೊಟ್ಟೆಯುರಿ. ಈ ಸಲ ಸೋಪು, ಚಾಕಲೇಟುಗಳ ಮೇಲೆ ಒಂದೇ ಬಣ್ಣದ ಮೂರು ಜೊತೆ ಹೊಸ ಬೂಟು ಕೂತಿದ್ದವು.

"ನಿಮಗೆ ಎಷ್ಟು ಮಕ್ಕಳು?" ಹುಡುಗಿ ಲಿಗಾಯಳನ್ನು ಕೇಳಿದಳು.

"ಒಬ್ಬನೇ ಮಗ."

"ಕೇಳಿಸ್ಕೊಂಡ್ಯಾ?" ಮುದುಕ ಗೆದ್ದವನಂತೆ ನಕ್ಕ. "ಒಬ್ಬನಿಗೆ ಮೂರು ಜೊತೆ! ಇದು ಸಿರಿವಂತಿಕೆ ಅಲ್ದೆ ಇನ್ನೇನು?"

ಲಿಗಾಯ ತಲೆಯೆತ್ತದೆ ಬೂಟುಗಳನ್ನು ಒತ್ತಾಗಿ ಜೋಡಿಸಿದಳು.

"ಮೂರೂ ಬೇರೆ ಬೇರೆ ಅಳತೆ, ತಾತ. ಒಂದಾದ್ರೂ ಸರಿಹೋಗ್ಲಿ ಅಂತ. ಬಿಟ್ಟುಬಂದಾಗ ಅವನಿಗೆ ಎರಡು ವರ್ಷ, ಈಗ ಹನ್ನೊಂದು. ಅಮ್ಮ ಕಳ್ಸೋ ಬೂಟಿಗೆ ಅಂದ್ರೆ, ಅಜ್ಜಿಗೂ ಅವನು ಕಾಲು ಅಳೆಯೋಕೆ ಬಿಡಲ್ಲ."